ಪಹಣಿಯ ಮೂರನೇ ಕಾಲಂ



ಬೇತಮಂಗಲದ ಈ ಉಪನ್ಯಾಸಕ್ಕೆ ದತ್ತಿ ಇಟ್ಟವರು ನನಗೆ ಕೊಟ್ಟ ವಿಷಯ 'ಜಗತ್ತಿನ ಜೀವವೈವಿಧ್ಯ'. ಮೂವತ್ತೊಂದು ವರ್ಷ ಜೀವಶಾಸ್ತ್ರ ಹೇಳಿಕೊಟ್ಟವನಿಗೆ ಈ ಮಾತನ್ನು ಅಮೆಜಾನ್ ಕಾಡಿನಿಂದ ಶುರು ಮಾಡುವುದು ರೂಢಿ. ತರಗತಿಯಲ್ಲಿ ಹಾಗೇ ಮಾಡುತ್ತಿದ್ದೆ. ಇವತ್ತು ಮಾತ್ರ ಚೀಲದಲ್ಲಿ ನಮ್ಮ ಜಮೀನಿನ ಪಹಣಿ ಹಾಕಿಕೊಂಡು ಬಂದಿದ್ದೇನೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಬೇಸಾಯಗಾರರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಪಹಣಿಯ ಮೂರನೇ ಕಾಲಮ್ಮಿನಲ್ಲಿ ಒಟ್ಟು ವಿಸ್ತೀರ್ಣ ಇರುತ್ತದೆ, ಅದರ ಕೆಳಗೆ ಖರಾಬು, ಅದನ್ನು ಕಳೆದು ಉಳಿದದ್ದು. ಉಳುಮೆಗೆ ಬಾರದ ಬಂಡೆ, ದಿಣ್ಣೆ, ಕೊರಕಲು 'ಅ' ಖರಾಬು. ದಾರಿ, ಹಳ್ಳ, ಕೆರೆಯಂಥ ಸಾರ್ವಜನಿಕ ಜಾಗ 'ಬ' ಖರಾಬು. ನಮ್ಮದು 3 ಎಕರೆ 20 ಗುಂಟೆ. ಅದರಲ್ಲಿ 14 ಗುಂಟೆ 'ಅ' ಖರಾಬು. ಆ ಹದಿನಾಲ್ಕು ಗುಂಟೆಯಲ್ಲಿ ಒಂದು ಹಾಸುಬಂಡೆ ಇದೆ, ಒಂದು ತುಗ್ಗಲಿ ಮರ, ನಾಲ್ಕೈದು ಕಾರೆ ಪೊದೆ, ಬಂದರಿ, ತಂಗಡಿ, ಒಂದು ಹುತ್ತ. ನಮ್ಮಪ್ಪ ಆ ಕಡೆ ನೇಗಿಲು ತಿರುಗಿಸಿದವರಲ್ಲ. ನಮ್ಮಜ್ಜಿ ಮಾತ್ರ ದಿನಾ ಹೋಗುತ್ತಿದ್ದರು.

ಮೊದಲ ಮಳೆ ಬಿದ್ದು ಹದಿನೈದು ದಿನ ಕಳೆದರೆ ಅಜ್ಜಿಯ ಕೈಯಲ್ಲಿ ಕುಡುಗೋಲು, ಸೆರಗಿನಲ್ಲಿ ಗಂಟು. ಬೆರಕೆ ಸೊಪ್ಪು ಅಂದರೆ ಈ ಸೀಮೆಯವರಿಗೆ ಬಾಯಲ್ಲಿ ನೀರೂರುತ್ತದೆ. ಬೆಂಗಳೂರಿಗೆ ಹೋಗಿ ಸೇರಿದ ನಮ್ಮ ಮಕ್ಕಳೂ ಊರಿಗೆ ಬಂದರೆ ಮೊದಲು ಕೇಳುವುದು ಅದರ ಬಸ್ಸಾರನ್ನೇ. ಅಜ್ಜಿ ಕೂತಲ್ಲೇ ಕೂತು, ಮೊಣಕಾಲೂರಿ ಸರಿಯುತ್ತ, ಕಣ್ಣಿನಿಂದಲ್ಲ ಬೆರಳಿನಿಂದ ನೋಡುವವರ ಹಾಗೆ ಸೊಪ್ಪು ಕೀಳುತ್ತಿದ್ದರು. ಅಣ್ಣೆ ಸೊಪ್ಪಿನ ಕುಡಿ ಮಾತ್ರ ಚಿವುಟಬೇಕು. ಗೋಣಿ ಸೊಪ್ಪನ್ನು ನೆಲಕ್ಕೆ ಅಂಟಿಕೊಂಡ ಹಾಗೇ ಎತ್ತಬೇಕು. ಕನ್ನೆ ಸೊಪ್ಪಿನ ನೀಲಿ ಹೂ ಅರಳಿದ್ದರೆ ಬೇಡ, ಎಲೆ ಬಲಿತಿದೆ ಎಂದು ಅರ್ಥ. ಹೊನಗೊನ್ನೆ ಹಳ್ಳದ ಅಂಚಿನದು. ಗಣಿಕೆ ಸೊಪ್ಪಿನ ಹಣ್ಣು ನನಗೆ, ಸೊಪ್ಪು ಸಾರಿಗೆ. ಹೀಗೆ ಒಂದು ಬೆಳಗ್ಗೆ ಆ ಮಡಿಲನ್ನು ಚಾಪೆ ಮೇಲೆ ಸುರಿದು ಎಣಿಸಿದ್ದೆ. ಹದಿನಾಲ್ಕು ಬಗೆ. ಹದಿನಾಲ್ಕು ಗುಂಟೆಗೆ ಹದಿನಾಲ್ಕು ಬಗೆ ಎಂದು ಕುಣಿದದ್ದು ನೆನಪಿದೆ. ಅವುಗಳಲ್ಲಿ ಹದಿಮೂರಕ್ಕೆ ಅಜ್ಜಿ ಹೇಳಿದ ಹೆಸರು ಇವತ್ತೂ ನನ್ನ ಬಾಯಲ್ಲಿದೆ. ಒಂದರದ್ದು ಹೋಗಿಬಿಟ್ಟಿದೆ. ಅದರ ಮಾತು ಕೊನೆಗೆ ಆಡುತ್ತೇನೆ.

ಈಗ ಜಗತ್ತಿನ ಲೆಕ್ಕ. ಭೂಮಿಯ ಮೇಲೆ ಎಷ್ಟು ಬಗೆಯ ಜೀವಿಗಳಿವೆ ಎಂದು ಸರಿಯಾಗಿ ಬಲ್ಲವರಿಲ್ಲ. 2011ರಲ್ಲಿ ವಿಜ್ಞಾನಿಗಳ ಒಂದು ತಂಡ ಹಾಕಿದ ಅಂದಾಜು ಸುಮಾರು 87 ಲಕ್ಷ, ಅದೂ ಬ್ಯಾಕ್ಟೀರಿಯಾಗಳನ್ನು ಬಿಟ್ಟು. ಅವುಗಳಲ್ಲಿ ಆಗ ಹೆಸರು ಪಡೆದು ಪಟ್ಟಿಗೆ ಸೇರಿದ್ದವು ಸುಮಾರು 12 ಲಕ್ಷ. 2019ರಲ್ಲಿ ವಿಶ್ವಸಂಸ್ಥೆಯ ಬೆಂಬಲದ ಸಮಿತಿಯೊಂದು ಸುಮಾರು ಹತ್ತು ಲಕ್ಷ ಪ್ರಭೇದಗಳು ಅಳಿವಿನ ದಾರಿಯಲ್ಲಿವೆ ಎಂದಿತು. ಹೆಸರಿಡುವ ಮೊದಲೇ ಹೋಗಿಬಿಡುವವು ಎಷ್ಟಿರಬಹುದು ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ.

ಈ ಮಾತು ಬಂದಾಗ ಕರ್ನಾಟಕದಲ್ಲಿ ಎಲ್ಲರ ಮುಖ ಪಶ್ಚಿಮ ಘಟ್ಟದ ಕಡೆ ತಿರುಗುತ್ತದೆ. ತಿರುಗಬೇಕಾದದ್ದೇ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಒಂದು ಬಗೆಯ ಇರುಳುಗಪ್ಪೆಯ ಗಂಡು, ಹೆಣ್ಣು ಇಟ್ಟ ಮೊಟ್ಟೆಗಳಿಗೆ ಮುಂಗಾಲಿನಿಂದ ಕೆಸರು ತೆಗೆದು ಮೆತ್ತುತ್ತದೆ. 2014ರಲ್ಲಿ ಅದಕ್ಕೆ ಕುಂಬಾರನ ಹೆಸರನ್ನೇ ಇಟ್ಟರು. ಅಂಥ ಮಳೆಕಾಡಿನ ಮುಂದೆ ನಮ್ಮ ಕೋಲಾರ ಜಿಲ್ಲೆ ಏನು? ಬಂಡೆ, ಕುರುಚಲು, ಬತ್ತಿದ ಬೋರ್‌ವೆಲ್. ದೇಶದ ಪಾಳುಭೂಮಿಯ ನಕಾಶೆಯನ್ನು ಕೇಂದ್ರ ಸರ್ಕಾರ ಪ್ರಕಟಿಸುತ್ತದೆ. ಕುರುಚಲು ನೆಲವೂ ಕಲ್ಲುಗುಡ್ಡವೂ ಅದರಲ್ಲಿ ಪಾಳಿನ ಲೆಕ್ಕಕ್ಕೇ ಹೋಗುತ್ತವೆ. ಪಹಣಿಯಲ್ಲಿ ಖರಾಬು, ನಕಾಶೆಯಲ್ಲಿ ಪಾಳು. ಎರಡು ಕಡೆಯೂ ಒಂದೇ ಅರ್ಥದ ಹೆಸರು ಹೊತ್ತ ಈ ನೆಲದಲ್ಲಿ, ಇಡೀ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲದ ಒಂದು ಪ್ರಾಣಿ ಇದೆ. ಇವತ್ತು ನಾನು ಹೇಳಬೇಕೆಂದು ಬಂದದ್ದು ಮುಖ್ಯವಾಗಿ ಅದನ್ನೇ.

ನಮ್ಮ ಜಿಲ್ಲೆಯ ಹನುಮನಹಳ್ಳಿಯ ಬೆಟ್ಟದಲ್ಲಿ ಹೆಬ್ಬಂಡೆಗಳ ನಡುವೆ ಕಿರಿದಾದ ಗುಹೆಗಳಿವೆ. ಅವುಗಳಲ್ಲಿ ವಾಸ ಮಾಡುವ ಒಂದು ಕಣ್ಕಪ್ಪಡಿ, ಅಂದರೆ ಸಣ್ಣ ಬಾವಲಿ, ಬೇರೆಲ್ಲ ಕಣ್ಕಪ್ಪಡಿಗಳಿಗಿಂತ ಬೇರೆ ಎಂದು ಕಂಡುಕೊಂಡು, ಜರ್ಮನಿಯ ಡೀಟರ್ ಕಾಕ್ ಮತ್ತು ನಮ್ಮ ಎಚ್.ಆರ್. ಭಟ್ ಅವರು 1994ರಲ್ಲಿ ಅದಕ್ಕೆ ಹಿಪ್ಪೊಸಿಡರಾಸ್ ಹೈಪೊಫಿಲಸ್ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ಮೊದಲ ಪದಕ್ಕೆ ಕುದುರೆಯ ಲಾಳ ಎಂಬ ಅರ್ಥ, ಎರಡನೆಯದು ಕೆಳಗಿನ ಎಲೆ ಎಂದು. ಇದರ ಮೂಗಿನ ಸುತ್ತ ಚರ್ಮದ ಮಡಿಕೆಗಳು ಎಲೆಯಂತೆ ಹರಡಿಕೊಂಡಿವೆ. ಇಂಗ್ಲಿಷಿನಲ್ಲಿ ಇದನ್ನು ಕೋಲಾರ ಲೀಫ್ ನೋಸ್ಡ್ ಬ್ಯಾಟ್ ಎನ್ನುತ್ತಾರೆ. ನಾವು ಕೋಲಾರದ ಎಲೆಮೂಗಿನ ಬಾವಲಿ ಎನ್ನೋಣ. ಜಗತ್ತಿನ ಪ್ರಾಣಿಗಳ ಪಟ್ಟಿಯಲ್ಲಿ ನಮ್ಮ ಜಿಲ್ಲೆಯ ಹೆಸರು ಹೊತ್ತು ನಿಂತ ಸಸ್ತನಿ ಇದು.

ಕೈಯಲ್ಲಿ ಹಿಡಿದರೆ ಒಂದು ಮುಷ್ಟಿ. ಮುಂಗೈ ಮೂಳೆಯ ಉದ್ದ ಸುಮಾರು ನಾಲ್ಕು ಸೆಂಟಿಮೀಟರ್. ಹಣ್ಣು ತಿನ್ನುವುದಿಲ್ಲ, ಹಾರಾಡುವ ಹುಳ ಹುಪ್ಪಟೆ ಇದರ ಊಟ. ಕತ್ತಲಲ್ಲಿ ಇದು ಹೊರಡಿಸುವ ಸದ್ದು ನಮ್ಮ ಕಿವಿಯ ಮಿತಿಗಿಂತ ಹಲವು ಪಟ್ಟು ಮೇಲೆ. ಆ ಸದ್ದು ಮೂಗಿನಿಂದ ಹೊರಡುತ್ತದೆ, ಎಲೆಯಂಥ ಆ ಮಡಿಕೆ ಅದನ್ನು ಒಂದೇ ದಿಕ್ಕಿಗೆ ಕೂಡಿಸಿ ಕಳಿಸುತ್ತದೆ. ಹುಳಕ್ಕೆ ತಾಗಿ ಮರಳಿದ ದನಿಯನ್ನು ಕಿವಿ ಹಿಡಿಯುತ್ತದೆ. ಬಾಯಿಯಿಂದ ಕೂಗುವ ಬಾವಲಿಗಳಿವೆ, ಮೂಗಿನಿಂದ ಕೂಗುವವೂ ಇವೆ. ಹೀಗೆ ಒಂದೊಂದು ಬಗೆ ಒಂದೊಂದು ಸ್ಥಾಯಿಯಲ್ಲಿ ಕೂಗುತ್ತದೆ. ಯಂತ್ರ ಇಟ್ಟು ಕೇಳಿದವರು ದನಿಯಿಂದಲೇ ಯಾವ ಬಾವಲಿ ಎಂದು ಗುರುತಿಸುವುದುಂಟು. ಹನುಮನಹಳ್ಳಿಯಲ್ಲಿ ಇದರ ಜೊತೆಗೆ ಬೇರೆ ಎಲೆಮೂಗಿನ ಬಾವಲಿಗಳೂ ಬಾಳುತ್ತಿವೆ. ಅವುಗಳಲ್ಲಿ ಒಂದು, ಇಲ್ಲಿ ಸಿಗುವ ಮೊದಲು, ಮಧ್ಯಪ್ರದೇಶದಲ್ಲಿ ಮಾತ್ರ ಇದೆಯೆಂದು ತಿಳಿದಿತ್ತು.

ಒಂದು ವಿಷಯವನ್ನು ಇಲ್ಲಿ ನಿಂತು ಯೋಚಿಸಬೇಕು. ಪಕ್ಕದ ಕೆ.ಜಿ.ಎಫ್. ಚಿನ್ನದ ಗಣಿಯಲ್ಲಿ ನಮ್ಮ ಹಿಂದಿನವರು ನೂರಿಪ್ಪತ್ತು ವರ್ಷ ನೆಲ ಅಗೆದು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದರು. ಆ ಆಳದಲ್ಲಿ ಉಪಕರಣ ಇಟ್ಟು 1965ರಲ್ಲಿ ಆಕಾಶದಿಂದ ಬರುವ ನ್ಯೂಟ್ರಿನೊ ಕಣಗಳನ್ನು ಗುರುತಿಸಿದರು. ಅಂಥ ಜಿಲ್ಲೆಯಲ್ಲಿ, ಮೇಲೆ ಬಂಡೆಯ ಸಂದಿನಲ್ಲಿ ನೇತಾಡುತ್ತಿದ್ದ ಪ್ರಾಣಿಗೆ ಹೆಸರು ಬರಲು ಇನ್ನೂ ಇಪ್ಪತ್ತೊಂಬತ್ತು ವರ್ಷ ಬೇಕಾಯಿತು. ನೋಡದೆ ಇದ್ದವರಲ್ಲಿ ನಾನೂ ಒಬ್ಬ. 1994ರಲ್ಲಿ ನಾನು ಇದೇ ಜಿಲ್ಲೆಯಲ್ಲಿ ಮಕ್ಕಳಿಗೆ ಆಸ್ಟ್ರೇಲಿಯದ ಪ್ಲಾಟಿಪಸ್ ಬಗ್ಗೆ ಪಾಠ ಮಾಡುತ್ತಿದ್ದೆ.

ಮೊದಲು ಈ ಬಾವಲಿ ತೇರಹಳ್ಳಿಯ ಗುಹೆಯಲ್ಲೂ ಇತ್ತು. ಅನಂತರದ ಸಮೀಕ್ಷೆಗಳಲ್ಲಿ ಅಲ್ಲಿ ಸಿಗಲಿಲ್ಲ. ಹನುಮನಹಳ್ಳಿಯ ಒಂದೇ ಒಂದು ಗುಹೆಯಲ್ಲಿ ಇನ್ನೂರಕ್ಕೂ ಕಡಿಮೆ ಬಾವಲಿಗಳು ಕಂಡವು. ಸುತ್ತ ಕಲ್ಲು ಒಡೆಯುವ ಕೆಲಸ ನಡೆದಿತ್ತು. ಸಿಡಿಮದ್ದಿನ ಅದುರಿಗೆ ಗುಹೆ ಕುಸಿದುಹೋಗಿದ್ದರೆ ಒಂದು ಮಧ್ಯಾಹ್ನಕ್ಕೆ ಒಂದು ಪ್ರಭೇದವೇ ಮುಗಿಯುತ್ತಿತ್ತು. 2016ರಲ್ಲಿ ಅಂತಾರಾಷ್ಟ್ರೀಯ ಕೆಂಪುಪಟ್ಟಿ ಇದನ್ನು ತೀವ್ರ ಅಪಾಯದಲ್ಲಿರುವ ಜೀವಿ ಎಂದು ಸೇರಿಸಿತು. ಬಾವಲಿ ಸಂರಕ್ಷಣೆಗೆಂದೇ ದುಡಿಯುವ ಬ್ಯಾಟ್ ಕನ್ಸರ್ವೇಶನ್ ಇಂಡಿಯಾ ಟ್ರಸ್ಟಿನವರು ಹಳ್ಳಿಯವರ ಜೊತೆ, ಅರಣ್ಯ ಇಲಾಖೆಯ ಜೊತೆ ಕೂತು ಕೆಲಸ ಮಾಡಿದರು. ಗುಹೆಗಳ ಸುತ್ತಲಿನ 30 ಎಕರೆಯನ್ನು ಸರ್ಕಾರ ರಕ್ಷಿತ ಜಾಗ ಎಂದು ಘೋಷಿಸಿತು. ಮೂವತ್ತು ಎಕರೆ! ಒಂದು ಕಲ್ಲು ಕ್ವಾರಿಯ ಪಕ್ಕ ಇಟ್ಟು ನೋಡಿದರೆ ಎಷ್ಟು ಚಿಕ್ಕ ಜಾಗ, ಎಷ್ಟು ದೊಡ್ಡ ಕೆಲಸ.

ನಾನು ಆ ಬೆಟ್ಟಕ್ಕೆ ಹೋಗಿದ್ದೇನೆ. ಗುಹೆಯ ಒಳಗೆ ಹೋಗಿಲ್ಲ, ಹೋಗುವುದೂ ಇಲ್ಲ. ಈ ಜಾತಿಯ ಬಾವಲಿಗಳು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕುವಂಥವು. ಟಾರ್ಚಿನ ಬೆಳಕು ಬಿದ್ದು ಗಾಬರಿಯಾದರೆ ತಾಯಿಯ ಎದೆಗಂಟಿದ ಮರಿ ಕೆಳಗೆ ಬೀಳಬಹುದು. ಹಾಗಾಗಿ ದೂರದ ಒಂದು ಬಂಡೆಯ ಮೇಲೆ ಕೂತು, ಹೊತ್ತು ಮುಳುಗುವುದನ್ನು ನೋಡಿ ಬಂದೆ. ಬಿಸಿಲಿಗೆ ಕಾದ ಬಂಡೆ ಕೂತವನ ಅಡಿಯಲ್ಲಿ ಇನ್ನೂ ಬೆಚ್ಚಗಿತ್ತು. ಕತ್ತಲು ಕವಿಯುವ ಮುಂಚೆ ತಲೆಯ ಮೇಲೆ ಏನೋ ಎರಡು ಸಲ ಸುಳಿಯಿತು. ಅದು ಅದೇ ಬಾವಲಿಯೋ, ಎಲ್ಲ ಊರಲ್ಲೂ ಇರುವ ಸಣ್ಣ ಕಣ್ಕಪ್ಪಡಿಯೋ, ಹೇಳಲಾರೆ.

ಒಂದೇ ಗುಹೆಯ ಪ್ರಾಣಿಗಾಗಿ ಇಷ್ಟೆಲ್ಲ ಏಕೆ ಎಂದು ಕೇಳುವವರಿಗೆ ಅಮೆರಿಕದ ನೆವಾಡದ ಒಂದು ಪ್ರಸಂಗ ಹೇಳುತ್ತೇನೆ. ಅಲ್ಲಿನ ಮರಳುಗಾಡಿನಲ್ಲಿ ಡೆವಿಲ್ಸ್ ಹೋಲ್ ಎಂಬ ನೀರಿನ ಬಿಲವಿದೆ. ಅದರಲ್ಲಿ ಒಂದಂಗುಲದ ನೀಲಿ ಮೀನು, ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಇಲ್ಲ. ಬಿಲದ ಬಾಯಿಯ ಹತ್ತಿರ ನೀರಿನೊಳಗೆ ಒಂದು ಕಲ್ಲಿನ ಜಗಲಿ. ಮೀನು ಪಾಚಿ ಮೇಯುವುದೂ ಮೊಟ್ಟೆಯಿಡುವುದೂ ಅದರ ಮೇಲೆಯೇ. ಪಕ್ಕದ ಹೊಲದವರು ಪಂಪು ಹಾಕಿ ಅಂತರ್ಜಲ ಎತ್ತತೊಡಗಿದಾಗ ನೀರು ಇಳಿದು ಜಗಲಿಯ ಒಂದು ಭಾಗ ಒಣಗಿತು. ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1976ರಲ್ಲಿ ನ್ಯಾಯಾಲಯ ಮೀನಿಗೆ ಬೇಕಾದಷ್ಟು ಮಟ್ಟ ಉಳಿಯುವಂತೆ ಪಂಪಿನ ನೀರಿಗೆ ಮಿತಿ ಹಾಕಿತು. 2013ರ ಒಂದು ಎಣಿಕೆಯಲ್ಲಿ ಆ ಮೀನುಗಳು ಮೂವತ್ತೈದಕ್ಕೆ ಇಳಿದಿದ್ದವು. ಆದರೂ ಬಿಡದೆ ಕಾಯುತ್ತಿದ್ದಾರೆ. ಬೋರ್‌ವೆಲ್ ಸಾವಿರ ಅಡಿ ದಾಟಿದ ನಮ್ಮ ಜಿಲ್ಲೆಯವರಿಗೆ ಈ ಮೊಕದ್ದಮೆ ಬೇಗ ಅರ್ಥವಾಗುತ್ತದೆ ಎಂದು ನಂಬಿದ್ದೇನೆ.

'ಬಾವಲಿಯಿಂದ ಏನು ಉಪಯೋಗ?' ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಟೊಮೆಟೊ ಬೆಳೆಯುವವನು, ನೇರವಾಗಿ ಕೇಳಿದ. ಹುಳ ತಿನ್ನುವ ಬಾವಲಿಗಳು ರೈತನಿಗೆ ಉಪಕಾರಿ ಎಂಬುದು ಸತ್ಯ. ದೊಡ್ಡ ಹಿಂಡುಗಳು ಒಂದೊಂದು ರಾತ್ರಿಗೆ ತಿನ್ನುವ ಪತಂಗಗಳಿಗೆ ಲೆಕ್ಕವಿಲ್ಲ. ಆದರೆ ಅವನಿಗೆ ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ. ಇನ್ನೂರು ಬಾವಲಿಗಳು ಕೋಲಾರದ ಟೊಮೆಟೊವನ್ನು ಊಜಿ ಹುಳದ ಕಾಟದಿಂದ ಉಳಿಸಲಾರವು. ಉಪಯೋಗದ ತಕ್ಕಡಿಯಲ್ಲಿ ಇಟ್ಟರೆ ಈ ಪ್ರಾಣಿ ತೂಗುವುದಿಲ್ಲ. ಅವನಿಗೆ ನಾನು ಹೇಳಿದ್ದು ಇಷ್ಟು: ಅಮೆಜಾನ್ ಹೋದರೆ ಬ್ರೆಜಿಲಿನವರನ್ನು ಕೇಳಬಹುದು, ಪೆರುವಿನವರನ್ನು ಕೇಳಬಹುದು. ಇದು ಹೋದರೆ ಕೇಳಲು ನಮ್ಮ ಜಿಲ್ಲೆಯವರನ್ನು ಬಿಟ್ಟು ಬೇರೆ ಯಾರೂ ಇಲ್ಲ. ಲಕ್ಷಾಂತರ ವರ್ಷ ನಡೆದು ಬಂದ ಒಂದು ವಂಶ ನಮ್ಮ ಕಲ್ಲಿನ ಸಂದಿಗೆ ಬಂದು ನಿಂತಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಗಾದ್ರೆ ನಮ್ಮನೇಗೇ ಬಂದ ನೆಂಟ್ರು ಅನ್ನಿ ಸಾರ್' ಎಂದ. ಆ ಮಾತು ನನಗೆ ಹೊಳೆದಿರಲಿಲ್ಲ.

ಬಾವಲಿಯ ಬಗ್ಗೆ ಭಯವೂ ಇದೆ. ನಿಪಾ ಬಂದಾಗ, ಕೊರೊನಾ ಬಂದಾಗ ಅದು ಹೆಚ್ಚಾಯಿತು. ಬಾವಲಿಯನ್ನು ಮುಟ್ಟಬಾರದು, ಅದು ಕಚ್ಚಿಟ್ಟ ಹಣ್ಣು ತಿನ್ನಬಾರದು, ಅದರ ಗೂಡಿಗೆ ನುಗ್ಗಬಾರದು. ಅಷ್ಟು ಮಾಡಿದರೆ ಸಾಕು. ಹೊಗೆ ಹಾಕಿ ಓಡಿಸಿದರೆ ಅವು ಚದುರಿ ಮನೆಗಳ ಹತ್ತಿರವೇ ಬರುತ್ತವೆ. 1972ರ ವನ್ಯಜೀವಿ ಕಾಯ್ದೆ ಕೂಡ ಹಣ್ಣುಬಾವಲಿಗಳನ್ನು ಇಲಿ, ಕಾಗೆಗಳ ಜೊತೆ ಪೀಡೆ ಪ್ರಾಣಿಗಳ ಪಟ್ಟಿಯಲ್ಲಿ ಇಟ್ಟಿತ್ತು. ಆ ಪಟ್ಟಿಯನ್ನು 2022ರ ತಿದ್ದುಪಡಿ ತೆಗೆದುಹಾಕಿತು.

ಖರಾಬಿನ ಬೇರೆ ಒಡೆಯರೂ ಇದ್ದಾರೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಸಾವಿರಾರು ಮನೆಗಳಲ್ಲಿ ಅವತ್ತು ಒಲೆ ಉರಿಯಲಿಲ್ಲ, ಆ ನೋವನ್ನು ನಾನು ಸಣ್ಣದು ಮಾಡಲಾರೆ. ಉಳಿದದ್ದು ಸೈನೈಡ್ ಗುಡ್ಡಗಳು ಮತ್ತು ಹುಲ್ಲು ಬೆಳೆದ ಬಯಲು. ಆ ಬಯಲಿನಲ್ಲಿ ಕೃಷ್ಣಮೃಗಗಳಿವೆ. ಗಂಡಿನ ಕೊಂಬು ತಿರುಪಿನ ಹಾಗೆ ಸುತ್ತಿಕೊಂಡು ಮೇಲೇಳುತ್ತದೆ, ಬೆನ್ನು ಕಡುಗಪ್ಪು, ಹೊಟ್ಟೆ ಸುಣ್ಣ ಬಳಿದಂತೆ. ಒಮ್ಮೆ ಇಡೀ ಇಂಡಿಯಾದ ಬಯಲನ್ನು ತುಂಬಿದ್ದ ಪ್ರಾಣಿ ಪಾಕಿಸ್ತಾನದ, ಬಾಂಗ್ಲಾದೇಶದ ಬಯಲುಗಳಿಂದ ಮಾಯವಾಯಿತು. ಬೇಟೆಯ ಮೋಜಿಗೆಂದು 1930ರ ದಶಕದಲ್ಲಿ ಹಡಗು ಹತ್ತಿಸಿ ಕರೆದೊಯ್ದ ಟೆಕ್ಸಾಸಿನಲ್ಲಿ ಇವತ್ತು ಸಾವಿರಗಟ್ಟಲೆ ಇವೆ. ನಮ್ಮಲ್ಲಿ ಅದನ್ನು ಬೀದಿನಾಯಿಗಳು ಅಟ್ಟಿಸುತ್ತಿವೆ. ಪಾಳು ಬಿದ್ದ ಗಣಿ ಜಮೀನಿನಲ್ಲಿ ಏನು ಕಟ್ಟಬೇಕು ಎಂಬ ಚರ್ಚೆ ನಡೆದಾಗಲೆಲ್ಲ ನನ್ನದೊಂದೇ ಕೋರಿಕೆ: ಅಲ್ಲಿ ಈಗಾಗಲೇ ಯಾರು ವಾಸವಾಗಿದ್ದಾರೆ ಎಂದು ಮೊದಲು ಎಣಿಸಿ.

ಆನೆಯ ಮಾತು ಕಷ್ಟದ್ದು. 1980ರ ದಶಕದಲ್ಲಿ ತಮಿಳುನಾಡಿನ ಹೊಸೂರು ಕಡೆಯ ಕಾಡಿನಿಂದ ಆನೆಗಳು ಆಂಧ್ರದ ಕುಪ್ಪಂ, ಪಲಮನೇರಿನ ಕಾಡಿಗೆ ಬಂದವು. ಬಹಳ ಕಾಲ ಆನೆಯೇ ಇಲ್ಲದಿದ್ದ ಆ ಕಾಡನ್ನು 1990ರಲ್ಲಿ ಕೌಂಡಿನ್ಯ ಅಭಯಾರಣ್ಯ ಎಂದು ಘೋಷಿಸಿದರು. ಅವು ಗಡಿ ಅರಿಯವು. ಕಾಮಸಮುದ್ರದ ಸುತ್ತ ರಾಗಿ ತೆನೆ ಬಲಿಯುವ ಹೊತ್ತಿಗೆ ಬರುತ್ತವೆ. ಜನರೂ ಸತ್ತಿದ್ದಾರೆ, ಆನೆಗಳೂ ಸತ್ತಿವೆ. ರಾತ್ರಿಯಿಡೀ ಮಂಚಿಕೆಯ ಮೇಲೆ ಕೂತ ರೈತನ ಮುಂದೆ ನಿಂತು ಜೀವವೈವಿಧ್ಯದ ಪಾಠ ಹೇಳುವ ಧೈರ್ಯ ನನಗಿಲ್ಲ. ಅವನ ಬೆಳೆಯ ಪರಿಹಾರ ಅದೇ ಹಂಗಾಮಿನಲ್ಲಿ ಕೈ ಸೇರಬೇಕು. ಆನೆ ಉಳಿಸುವ ಖರ್ಚನ್ನು ಅತಿ ಚಿಕ್ಕ ಹಿಡುವಳಿದಾರನ ಹೆಗಲಿಗೆ ಹಾಕಿ ಊರೆಲ್ಲ ಹಾಯಾಗಿ ಮಲಗುವುದು ತಪ್ಪು.

ಇನ್ನೊಂದು ಲೆಕ್ಕ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ನಮ್ಮ 14 ಗುಂಟೆಯಲ್ಲಿ ಅಜ್ಜಿಯ ಕಾಲಕ್ಕಿಂತ ಇವತ್ತು ಗಿಡಗಳ ಬಗೆ ಹೆಚ್ಚಿರಬಹುದು. ಲಂಟಾನ ಹೆಚ್ಚಿದೆ, ಪಾರ್ಥೇನಿಯಂ ಬಂದಿದೆ, ಕೆರೆಯ ಕಡೆಯಿಂದ ಬಳ್ಳಾರಿ ಜಾಲಿ ಹಬ್ಬಿದೆ. ಮೂರೂ ಅಮೆರಿಕ ಖಂಡಗಳ ಮೂಲದವು. ಅದೇ ಲಂಟಾನ ಆಸ್ಟ್ರೇಲಿಯದಲ್ಲೂ ಇದೆ, ದಕ್ಷಿಣ ಆಫ್ರಿಕದಲ್ಲೂ ಇದೆ. ಊರಿನ ಪಟ್ಟಿ ಉದ್ದವಾಗುತ್ತಿರುವಾಗಲೇ ಜಗತ್ತಿನ ಪಟ್ಟಿ ಚಿಕ್ಕದಾಗುತ್ತದೆ, ಏಕೆಂದರೆ ಎಲ್ಲ ಊರುಗಳೂ ಒಂದೇ ತರಹ ಆಗುತ್ತಿವೆ. ವೈವಿಧ್ಯ ಅಂದರೆ ಬೇತಮಂಗಲ ಬೇತಮಂಗಲದ ಹಾಗಿರುವುದು, ಕತ್ತಲೆಕಾನು ಕತ್ತಲೆಕಾನಿನ ಹಾಗಿರುವುದು. ಹೊರಗಿನದೆಲ್ಲ ಕೆಟ್ಟದ್ದೆಂದು ಹೇಳುತ್ತಿಲ್ಲ. ನಮ್ಮ ಹುಣಸೆಯ ಮೂಲವೂ ಆಫ್ರಿಕ. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪನ್ನು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದರು. ಬಂದು, ಬೇರೆಯವರಿಗೂ ಜಾಗ ಬಿಟ್ಟು ಬಾಳಿದ ಮರ ಅದು.

ನಮ್ಮ ಕೆರೆಯೂ ತಾನಾಗಿ ಆದದ್ದಲ್ಲ, ಕಟ್ಟಿದ್ದೇ. ಈ ಊರು ಶಾಸನಗಳಲ್ಲಿ ವಿಜಯಾದಿತ್ಯಮಂಗಲ. ಒಡೆದ ಕೆರೆಯನ್ನು ನೊಳಂಬರ ಕಾಲದಲ್ಲಿ ಒಮ್ಮೆ, ಹೊಯ್ಸಳರ ಕಾಲದಲ್ಲಿ ಇನ್ನೊಮ್ಮೆ ಕಟ್ಟಿಸಿದ ದಾಖಲೆಯಿದೆ. ನಂದಿಯ ಕಡೆಯಿಂದ ಹರಿದು ಬರುವ ಪಾಲಾರ್ ಇದನ್ನು ತುಂಬಬೇಕು. 2021ರ ನವೆಂಬರಿನಲ್ಲಿ ಕೆರೆ ತುಂಬಿ ಕೋಡಿ ಹರಿದಾಗ ಊರಿಗೆ ಊರೇ ಏರಿಯ ಮೇಲಿತ್ತು. ಅವತ್ತು ಸಂಜೆ ನೀರಿನ ಮೇಲೆ ಕಣ್ಕಪ್ಪಡಿಗಳು ಹಾರುತ್ತಲೇ ಬಾಯಿ ತಾಗಿಸಿ ಒಂದು ಗುಟುಕು ಕುಡಿದು ಮೇಲೇಳುತ್ತಿದ್ದವು. ಪ್ರತಿ ಸಲವೂ ನೀರಿನಲ್ಲಿ ಉಗುರಿನಷ್ಟು ಗೆರೆ ಮೂಡಿ ಅಳಿಸುತ್ತಿತ್ತು. ಈ ಕೆರೆ ಸರ್ಕಾರದ ಲೆಕ್ಕದಲ್ಲಿ 'ಬ' ಖರಾಬು.

ಪಹಣಿಯನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ಆದರೆ ಇನ್ನೊಂದು ಪುಸ್ತಕ ಬರೆಯುವುದು ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯ್ತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು. ಊರಿನ ಗಿಡ, ಮರ, ಹಕ್ಕಿ, ಮೀನು, ಅವುಗಳ ಸ್ಥಳೀಯ ಹೆಸರು, ಯಾವುದನ್ನು ಯಾವುದಕ್ಕೆ ಬಳಸುತ್ತಾರೆ, ಯಾವುದು ಕಾಣೆಯಾಗುತ್ತಿದೆ, ಎಲ್ಲವೂ ಅದರಲ್ಲಿ ಬರಬೇಕು. ಬಹಳ ಕಡೆ ಇದನ್ನು ಯಾರೋ ಹೊರಗಿನವರು ಕಂಪ್ಯೂಟರಿನ ಮುಂದೆ ಕೂತು ತುಂಬಿಸಿ ಕೊಟ್ಟುಬಿಡುತ್ತಾರೆ ಎಂಬುದು ನನ್ನ ದುಃಖ. ಇದನ್ನು ಬರೆಯಬೇಕಾದವರು ಕುರಿ ಮೇಯಿಸುವವರು, ಮೀನು ಹಿಡಿಯುವವರು, ಸೊಪ್ಪು ಕೀಳುವ ಹೆಂಗಸರು. ಇಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತು. ಒಂದೇ ಗಿಡಕ್ಕೆ ಮೂರು ಹೆಸರಿದ್ದರೆ ಮೂರನ್ನೂ ಬರೆಯಬೇಕು.

ನಾನು ನಮ್ಮ 14 ಗುಂಟೆಯಿಂದ ಒಂದು ನೋಟ್‌ಬುಕ್ಕಿನಲ್ಲಿ ಶುರು ಮಾಡಿದ್ದೇನೆ. ನೂರಾ ಆರು ನಮೂದು ಆಗಿವೆ. ಅಜ್ಜಿಯ ಹದಿನಾಲ್ಕನೇ ಸೊಪ್ಪಿಗೆ ಬಂದು ನಿಂತಿದ್ದೇನೆ. ಕಾಂಡ ತೆಳ್ಳಗೆ, ಬುಡದಲ್ಲಿ ಸ್ವಲ್ಪ ಕೆಂಪು, ಎಲೆ ಮೊನಚು, ತುದಿಯಲ್ಲಿ ಉದ್ದ ಕಡ್ಡಿಯ ಮೇಲೆ ಗುಲಾಬಿ ಬಣ್ಣದ ಸಣ್ಣ ಹೂಗಳ ತೆನೆ. ಲ್ಯಾಟಿನ್ನಿನಲ್ಲಿ ಅದು ಡೈಜೆರಾ ಮುರಿಕೇಟ ಎಂದು ನನಗೆ ಗೊತ್ತು. ಪಕ್ಕದ ಮನೆಯ ತೆಲುಗಿನವರು ಚೆಂಚಲಾಕು ಎನ್ನುತ್ತಾರೆ. ಅಜ್ಜಿ ಹೇಳುತ್ತಿದ್ದ ಹೆಸರು ಬೇರೆ, ಅದು ನನ್ನ ನಾಲಿಗೆಗೆ ಬರುತ್ತಿಲ್ಲ. ಇವತ್ತು ಬೆಳಗ್ಗೆ ಬೇರು ಸಮೇತ ಒಂದು ಗಿಡ ಕಿತ್ತು, ಮಣ್ಣಿನ ಜೊತೆ ಡಬ್ಬಿಯಲ್ಲಿ ತಂದಿದ್ದೇನೆ, ಇಲ್ಲೇ ಮೇಜಿನ ಮೇಲಿದೆ. ಕಾರ್ಯಕ್ರಮ ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ ಕೂತಿರುವ ಅಜ್ಜಿಯರು, ಅಮ್ಮಂದಿರು ದಯವಿಟ್ಟು ಮುಂದೆ ಬನ್ನಿ. ನೋಟ್‌ಬುಕ್ಕು, ಪೆನ್ನು ಎರಡೂ ತೆರೆದಿಟ್ಟುಕೊಂಡು ಕೂತಿರುತ್ತೇನೆ.